ಭಾನುವಾರದ ಬೆಲ್ಟು

ಮೆಕ್ಯಾನಿಕ್ ತೀರಿಕೊಂಡ. ಸೋಮವಾರ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆಗೆಯುತ್ತಿದ್ದಾಗ ಹೃದಯ ನಿಂತಿತು.

ಅಂದಿನಿಂದ ಅವನ ಬಾಲ್ಯದ ಗೆಳೆಯ, ಊರ ಲೈಬ್ರರಿಯ ಗ್ರಂಥಪಾಲ, ತನ್ನ ಕಾರನ್ನು ಹೊರಗೆ ತೆಗೆದಿಲ್ಲ. ಎಂಟು ತಿಂಗಳಾಯಿತು. ಕಾರಣ, ಟೈಮಿಂಗ್ ಬೆಲ್ಟು. ಎಂಜಿನ್ನಿನೊಳಗಿನ ಆ ರಬ್ಬರು ಪಟ್ಟಿ ತುಂಡಾದರೆ ಎಂಜಿನ್ನೇ ನುಚ್ಚುನೂರು ಎಂದು ಮೆಕ್ಯಾನಿಕ್ ಗೆಳೆಯ ಸಾವಿರ ಸಲ ಹೇಳಿದ್ದ. “ಅದು ಹೇಳಿ ಹೋಗಲ್ಲ ಕಣೋ. ಐದು ವರ್ಷಕ್ಕೆ ಬದಲಾಯಿಸ್ಲೇಬೇಕು. ಜೊತೆಗೆ ವಾಟರ್ ಪಂಪೂ. ಹೊಟ್ಟೆ ಕೊಯ್ದ ಮೇಲೆ ಎರಡೂ ಕೆಲಸ ಮುಗಿಸಿಬಿಡ್ಬೇಕು.” ಹೇಳಿ ಸುಮ್ಮನಾಗುತ್ತಿರಲಿಲ್ಲ. ಭಾನುವಾರ ಬಂತೆಂದರೆ ಮನೆಗೇ ಬಂದು, ಬೆಲ್ಟಿನ ಮುಚ್ಚಳ ಬಿಚ್ಚಿ, ಹೆಬ್ಬೆರಳಲ್ಲಿ ಒತ್ತಿ ನೋಡಿ, ವೈದ್ಯನ ಗಾಂಭೀರ್ಯದಿಂದ ಮತ್ತೆ ಮುಚ್ಚುತ್ತಿದ್ದ.

ಈಗ ಆ ಮುಚ್ಚಳವನ್ನು ಬೇರೆ ಕೈ ಬಿಚ್ಚುವುದು ಗ್ರಂಥಪಾಲನಿಗೆ ಬೇಡ. (ಬಿಚ್ಚಿಸದೆ ಓಡಿಸಲು ಬೆಲ್ಟಿನ ಭಯ, ಓಡಿಸದಿದ್ದರೆ ಹೆಂಡತಿಯ ಭಯ.)

“ರೀ, ನಮ್ಮಮ್ಮ ಮಂಡಿನೋವು ಇಟ್ಕೊಂಡು ಇವತ್ತೂ ಬಸ್ಸು ಹತ್ತಿದ್ರು.”

“ಬೆಲ್ಟು ಹಳೇದು ಕಣೇ.”

“ನೀವೇನು ಹೊಸಬರಾ? ನಿಮ್ಮನ್ನ ಓಡಿಸ್ತಾ ಇಲ್ವಾ ನಾನು?”

“ಕೊನೇಲಿ ಅದನ್ನ ಮುಟ್ಟಿದ್ದು ಅವನ ಕೈ.”

ಗಂಡನ ಗೆಳೆಯನನ್ನು ಹೆಂಡತಿ ಅಣ್ಣ ಎಂದೇ ಕರೆಯುತ್ತಿದ್ದಳು. “ಅಣ್ಣ ಇದ್ದಿದ್ರೆ, ಅಮ್ಮನ್ನ ಬಸ್ಸಿಗೆ ಹತ್ತಿಸಿದ್ದಕ್ಕೆ ನಿಮ್ಮ ಕಿವಿ ಹಿಂಡ್ತಿದ್ರು.”

ಗ್ರಂಥಪಾಲ ಕಾರಿನ ಕೀಲಿ ತಂದು ಅವಳ ಕೈಗಿಟ್ಟ.

ಮರುದಿನ ಹಿಂದಿನ ಬೀದಿಯಲ್ಲಿ ಗ್ಯಾರೇಜು ನಡೆಸುವ ಹೆಂಗಸೊಬ್ಬಳು ಬಂದಳು. ಮುಚ್ಚಳ ಬಿಚ್ಚಿದಳು. ಗ್ರಂಥಪಾಲ ಗೋಡೆಯ ಕಡೆ ಮುಖ ಮಾಡಿ ನಿಂತ.

“ಹಳೇದು ಅಂತ ಯಾರು ಹೇಳಿದ್ರು ಸರ್? ಬೆಲ್ಟು, ಪಂಪು ಎರಡನ್ನೂ ಹಾಕಿ ಎರಡು ವರ್ಷ ಆಗಿಲ್ಲ. ಮುಚ್ಚಳದ ಒಳಗೆ ತಾರೀಕು ಬರೆದಿದೆ ನೋಡಿ. ಇನ್ನೂ ಮೂರು ವರ್ಷ ಯೋಚನೆ ಇಲ್ಲ.”

ಗೆಳೆಯನದೇ ಕೋಳಿಕಾಲಿನ ಅಕ್ಷರ. ಸರ್ವೀಸಿಗೆಂದು ಒಯ್ದಾಗ ಹಾಕಿರಬೇಕು, ತುಟಿಪಿಟಕ್ ಎಂದಿರಲಿಲ್ಲ.

“ಆದ್ರೆ ಬೋಲ್ಟು ಪೂರ್ತಿ ಸವೆದಿವೆ. ಐದು ವರ್ಷಕ್ಕೊಂದ್ಸಲ ಬಿಚ್ಚೋ ಮುಚ್ಚಳ ಇದು, ವಾರವಾರ ಬಿಚ್ಚಿದ ಹಾಗಿದೆ. ಯಾರ್ರೀ ಆ ಪುಣ್ಯಾತ್ಮ?”

“ಅಂದ್ರೆ ಅಣ್ಣ ಬರ್ತಿದ್ದಿದ್ದು ಬೆಲ್ಟು ನೋಡಕ್ಕಲ್ಲ,” ಎಂದಳು ಹೆಂಡತಿ ನಿಧಾನವಾಗಿ. “ನಿಮ್ಮ ಈ ಮುಖ ನೋಡಕ್ಕೆ ಒಬ್ಬರಿಗಾದ್ರೂ ಆಸೆ ಇತ್ತಲ್ಲ.”

ಗ್ರಂಥಪಾಲ ಮುಚ್ಚಳದ ಹೊರಗಿನ ಧೂಳು ಒರೆಸತೊಡಗಿದ. ಬಾಯಿ ಬಿಟ್ಟರೆ ತನ್ನ ಕಳ್ಳತನವೂ ಹೊರಬೀಳುತ್ತಿತ್ತು. ಗೆಳೆಯ ಎಲ್ಲಿ ಬರುವುದು ತಪ್ಪಿಸುತ್ತಾನೋ ಎಂದು ಪ್ರತಿ ಶನಿವಾರ ಫೋನು ಮಾಡಿ, ಎಂಜಿನ್ನಿನಲ್ಲಿ ಇಲ್ಲದ ಸದ್ದೊಂದನ್ನು ಹುಟ್ಟಿಸಿ ಹೇಳುತ್ತಿದ್ದವನು ತಾನೇ. ಒಂದು ವಾರ ಕಿರ್ರ್, ಇನ್ನೊಂದು ವಾರ ಟಿಕ್ ಟಿಕ್. ಅಂಥ ಯಂತ್ರಪಂಡಿತನನ್ನೇ ಏಮಾರಿಸಿದೆನೆಂದು ಒಳಗೊಳಗೇ ಬೀಗುತ್ತಿದ್ದ.

ಕೊನೆಯ ಶನಿವಾರ ಅವನು ಹುಟ್ಟಿಸಿದ್ದು ಗುಸುಗುಸು. ಮರುದಿನ ಗೆಳೆಯ ಬಂದ, ಎಂಜಿನ್ ಚಾಲು ಮಾಡಿಸಿದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದ. ಆಮೇಲೆ ತಲೆಯಾಡಿಸಿದ. “ಹೌದು ಕಣೋ, ಗುಸುಗುಸು ಅಂತಿದೆ. ಮುಂದಿನ ಭಾನುವಾರ ಮತ್ತೆ ನೋಡ್ಬೇಕು,” ಎಂದು ಹೇಳಿ, ಎರಡನೇ ಲೋಟ ಕಾಫಿಗೆ ಕೈ ಚಾಚಿದ.