ಮುಟ್ಟುಗೋಲಾದ ಎಂಜಿನ್

ಒಣದ್ರಾಕ್ಷಿ ತ್ಯಾಜ್ಯ ವಿಲೇವಾರಿ ನಿಗಮದ ತಿಕೋಟಾ ಘಟಕಕ್ಕೆ ಸೇರಿದ ಏಕೈಕ ಕಿರು ಲೋಡರಿನ ಎಂಜಿನ್ ಮಂಗಳವಾರ ಕೆಟ್ಟು ನಿಂತಿತು ಮತ್ತು ಗುರುವಾರ ಮುಟ್ಟುಗೋಲಾಯಿತು. ಈ ಎರಡು ಘಟನೆಗಳ ನಡುವೆ ಯಾರಿಂದಲೂ ಯಾವ ತಪ್ಪೂ ನಡೆದಿಲ್ಲ ಎಂದು ನಿಗಮದ ವಿಚಾರಣಾ ಸಮಿತಿ ಈಗಾಗಲೇ ಖಚಿತಪಡಿಸಿದೆ. ಸಮಿತಿಯಲ್ಲಿದ್ದವರು ಎರಡೂ ಘಟನೆಗಳಿಗೆ ಕಾರಣರಾದವರೇ ಆದ್ದರಿಂದ ಅವರಿಗೆ ವಿಷಯ ಚೆನ್ನಾಗಿ ಗೊತ್ತಿತ್ತು.

ತಿಕೋಟಾದ ಸುತ್ತ ದ್ರಾಕ್ಷಿ ಒಣಗಿಸುವ ಶೆಡ್ಡುಗಳಿವೆ. ಒಣದ್ರಾಕ್ಷಿ ಪೆಟ್ಟಿಗೆ ಸೇರಿ ಊರೂರಿಗೆ ಹೋಗುತ್ತದೆ. ಅದರ ತೊಟ್ಟು, ಕಡ್ಡಿ, ಕೊಳೆತ ಕಾಯಿ ಊರಲ್ಲೇ ಉಳಿಯುತ್ತವೆ. ಅವನ್ನು ಬಾಚಿ ಟ್ರ್ಯಾಕ್ಟರಿಗೆ ತುಂಬುವುದು ಆ ಲೋಡರಿನ ಕೆಲಸ. ಊರವರು ಅದನ್ನು ಮರಿ ಲೋಡರ್ ಎನ್ನುತ್ತಿದ್ದರು. ನಿಂತ ಜಾಗದಲ್ಲೇ ಗಿರಕಿ ಹೊಡೆಯುವ ಆ ಯಂತ್ರವನ್ನು ಇರ್ಫಾನ ಓಡಿಸುತ್ತಿದ್ದ. ಎದುರುಬದುರು ಎರಡು ಮೋಟಾರ್‌ಸೈಕಲ್ ಬಂದರೆ ಒಬ್ಬರು ಹಿಂದೆ ಸರಿಯಬೇಕಾದಂಥ ಓಣಿಯೊಳಗೂ ಹೊಕ್ಕು, ಗೋಡೆಯ ಸುಣ್ಣ ಉದುರದಂತೆ ಕಸ ಹೊತ್ತು ತರುತ್ತಿದ್ದ. ಅವನಿಗೆ ಅದರ ಬಗ್ಗೆ ಸಣ್ಣ ಗರ್ವವೇ ಇತ್ತು, ಇರಲಿ, ತಪ್ಪಿಲ್ಲ.

ಇರ್ಫಾನ ಗುತ್ತಿಗೆ ಚಾಲಕ. ನಿಗಮದ ನಿಯಮ ಸರಳವಾಗಿತ್ತು: ಯಂತ್ರ ಓಡುವ ತನಕ ಚಾಲಕನಿರತಕ್ಕದ್ದು, ಯಂತ್ರ ನಿಂತು ತಿಂಗಳು ತುಂಬಿದಲ್ಲಿ ಚಾಲಕನು ಮನೆಗೆ ಹೋಗತಕ್ಕದ್ದು. ಯಂತ್ರ ಯಾಕೆ ನಿಂತಿತು ಎಂಬುದನ್ನು ನಿಯಮ ಕೇಳುತ್ತಿರಲಿಲ್ಲ. ಎಂಜಿನ್ನಿಗೆ ಆಯಿಲ್ ಬೇಕೆಂದು ಇರ್ಫಾನ ಕೊಟ್ಟಿದ್ದ ಅರ್ಜಿ ಆಗಲೂ ‘ಪರಿಶೀಲನೆಯಲ್ಲಿತ್ತು.’

ಬುಧವಾರ ವಿಜಯಪುರದಿಂದ ಮೇಸ್ತ್ರಿ ಲಾಡಲೇಸಾಬ ಬಂದ. ಲೋಡರಿನ ಹಿಂಬಾಗಿಲು ತೆಗೆದು, ಎಂಜಿನ್ನಿನ ಮುಂದಿನ ಪುಲ್ಲಿಯ ನಟ್ಟಿಗೆ ಉದ್ದನೆಯ ಪಾನಾ ಹಾಕಿ, ಅದರ ಮೇಲೆ ತನ್ನ ಮೈಭಾರವನ್ನೆಲ್ಲ ಬಿಟ್ಟ. ಎಂಜಿನ್ ಕೂದಲೆಳೆಯಷ್ಟೂ ಅಲುಗಲಿಲ್ಲ.

“ಎಂಜಿನ್ ಸೀಜ್ ಆಗೇತ್ರಿ ಮೇಡಂ,” ಎಂದ ಅವನು, ಘಟಕದ ವ್ಯವಸ್ಥಾಪಕಿ ವಿಜಯಲಕ್ಷ್ಮೀ ಅವರಿಗೆ. “ಆಯಿಲ್ ಇಲ್ದ ಓಡೇತಿ. ಪಿಸ್ಟನ್ ಒಳಗ ಕಚ್ಚಿಕೊಂಡು ಕುಂತೈತಿ. ಇಲ್ಲಿ ಆಗೂ ಕೆಲಸ ಅಲ್ಲ. ಕೆಳಗ ಇಳಿಸಿ ಬಿಜಾಪುರಕ್ಕ ಒಯ್ಯಬೇಕು.”

“ಎಷ್ಟು ದಿನ ಹಿಡೀತೈತಿ ಚಾಚಾ?” ಎಂದು ಇರ್ಫಾನ ಕೇಳಿದ.

“ತಿಂಗಳದಾಗ ಓಡಸ್ತೀನಿ, ನೀ ಯಾಕ ಅಂಜ್ತಿ?”

ವಿಜಯಲಕ್ಷ್ಮೀ ಮೇಡಂ ಗುಮಾಸ್ತ ಚೇತನಕುಮಾರರನ್ನು ಕರೆದು, ಮೇಸ್ತ್ರಿ ಹೇಳಿದ್ದನ್ನು ಬರೆದು ಮುಖ್ಯ ಕಚೇರಿಗೆ ಕಳಿಸಲು ಹೇಳಿದರು. ಚೇತನಕುಮಾರರು ಸಾಮಾನ್ಯರಲ್ಲ. ಯಂತ್ರಗಳ ಹೆಸರು ಬಿಟ್ಟರೆ ಕಡತಗಳಲ್ಲಿ ಒಂದೂ ಇಂಗ್ಲಿಷ್ ಪದ ನುಸುಳದಂತೆ ನೋಡಿಕೊಂಡಿದ್ದಕ್ಕೆ ನಿಗಮದಿಂದ ಫಲಕ ಪಡೆದವರು. ‘ಸೀಜ್’ ಎಂಬ ಪದ ಕೇಳಿದೊಡನೆ ಅವರ ಮುಖ ಹುಳ್ಳಗಾಯಿತು. ನಿಘಂಟು ತೆಗೆದರು. ಮೊದಲ ಅರ್ಥ ಕಂಡಿತು, ಬರೆದರು. ಇನ್ನೊಂದು ಅರ್ಥ ಮುಂದಿನ ಪುಟದಲ್ಲಿತ್ತು. ಆದರೆ ಅಷ್ಟರಲ್ಲಿ ಊಟದ ಹೊತ್ತಾಗಿತ್ತು.

ಹೀಗೆ ಸಿದ್ಧವಾದ ಪತ್ರದಲ್ಲಿ, “ಸದರಿ ಎಂಜಿನ್ ಮುಟ್ಟುಗೋಲಾಗಿರುವುದರಿಂದ ಅದನ್ನು ಇಳಿಸಿ ವಿಜಯಪುರಕ್ಕೆ ಸಾಗಿಸಲು ಅನುಮತಿ ಕೋರಿದೆ” ಎಂದಿತ್ತು. ಮುಟ್ಟುಗೋಲು ಎಂಬ ಪದವಿರುವ ಪ್ರತಿಯೊಂದು ಪತ್ರದ ಪ್ರತಿ ಬಬಲೇಶ್ವರದ ಮುಟ್ಟುಗೋಲು ಶಾಖೆಗೆ ಹೋಗಬೇಕೆಂಬುದು ನಿಗಮದ ಪದ್ಧತಿ. ಹೋಯಿತು.

ಆ ಶಾಖೆಯ ಬಗ್ಗೆ ಒಂದು ಮಾತು ಹೇಳಬೇಕು. ರಸ್ತೆ ಬದಿಗೆ ಕಸ ಸುರಿಯುವ ಗಾಡಿಗಳನ್ನು ಹಿಡಿಯಲು ಅದನ್ನು ತೆರೆಯಲಾಗಿತ್ತು. ಆದರೆ ಕಸ ಸುರಿಯುವ ಪ್ರತಿಯೊಬ್ಬನೂ ಯಾರೋ ಒಬ್ಬ ದೊಡ್ಡವರ ಅಳಿಯನೋ ಭಾವಮೈದುನನೋ ಆಗಿರುತ್ತಿದ್ದುದರಿಂದ ಈವರೆಗೆ ಅಲ್ಲಿ ಒಂದು ತಳ್ಳುಗಾಡಿಯೂ ಮುಟ್ಟುಗೋಲಾಗಿರಲಿಲ್ಲ. ಶಾಖಾಧಿಕಾರಿ ಗುರಲಿಂಗಪ್ಪನವರು ಮೊಹರಿನ ಅರಗಿನ ಕಡ್ಡಿ ಬೇಸಿಗೆಯಲ್ಲಿ ಕರಗದಂತೆ ಕಾಯುವುದರಲ್ಲೇ ಸೇವಾವಧಿ ಕಳೆದಿದ್ದರು. ಪತ್ರ ಓದಿದಾಗ ಅವರ ಕಣ್ಣು ತುಂಬಿ ಬಂತು. ಎಂಜಿನ್ ತಾವು ಹಿಡಿದದ್ದಲ್ಲ ಎಂಬುದು ಅವರಿಗೂ ಗೊತ್ತಿತ್ತು. ಆದರೆ ಮುಟ್ಟುಗೋಲಾಗಿದೆ ಎಂದರೆ ತಮ್ಮ ಶಾಖೆಯಿಂದಲೇ ಆಗಿರಬೇಕು, ಬೇರೆಯವರಿಗೆ ಆ ಅಧಿಕಾರವಿಲ್ಲ. ಹಿಂದಿನ ದಿನಾಂಕ ಹಾಕಿ ಆದೇಶ ಬರೆದು, ಜೀಪು ಹತ್ತಿದರು.

ಗುರುವಾರ ಬೆಳಿಗ್ಗೆ ತಿಕೋಟಾದಲ್ಲಿ ಲಾಡಲೇಸಾಬ, ಅನುಮತಿ ಬಂದೇ ಬರುತ್ತದೆಂದು, ಮೂರು ಕಂಬ ಕಟ್ಟಿ, ಚೈನ್ ಪುಲ್ಲಿ ಹಾಕಿ, ಎಂಜಿನ್ ಎತ್ತುತ್ತಿದ್ದ. ಬೋಲ್ಟು ಬಿಚ್ಚಿದ್ದರೂ ಎಂಜಿನ್ ಲೋಡರಿನ ಚಕ್ರ ತಿರುಗಿಸುವ ಪಂಪಿಗೆ ಅಂಟಿಕೊಂಡು ಹಟ ಹಿಡಿದಿತ್ತು. ಕಟ್ಟಿಗೆಯ ಬೆಣೆ ಬಡಿದು, ಒಂದಿಷ್ಟು ಬೈದು, ಮತ್ತೆ ಬಡಿದು, ಕೊನೆಗೆ ಅದು ‘ಖಟ್’ ಎಂದು ಬಿಟ್ಟುಕೊಂಡಿತು. ಇರ್ಫಾನ ಖುಷಿಯಿಂದ ಕೂಗಿದ. ಎಂಜಿನ್ ಗಾಡಿಯ ಹೊರಗೆ ಬಂದು ಸರಪಳಿಯಲ್ಲಿ ತೂಗುತ್ತಿದ್ದಾಗ ಜೀಪು ಬಂದು ನಿಂತಿತು.

“ಯಾರೂ ಮುಟ್ಟಬ್ಯಾಡ್ರಿ! ಇದ್ದದ್ದು ಇದ್ದಲ್ಲೇ ಇರ್ಲಿ!” ಎಂದು ಗುರಲಿಂಗಪ್ಪನವರು ಇಳಿಯುತ್ತಲೇ ಅಬ್ಬರಿಸಿದರು.

“ಇದು ಇದ್ದಲ್ಲಿ ಇಲ್ಲಲ್ರಿ ಸಾಹೇಬ್ರ, ತೂಗಾಡಾಕತ್ತೈತಿ,” ಎಂದ ಲಾಡಲೇಸಾಬ. “ನೆಲಕ್ಕರ ಇಳಸ್ತೀನಿ, ತಡೀರಿ.”

“ತೂಗಾಡಾಕತ್ತಿದ್ರ ತೂಗಾಡ್ಲಿ. ಆದೇಶ ಮುಟ್ಟಿದಾಗ ಹ್ಯಾಂಗಿತ್ತೋ ಹಂಗ ಇರಬೇಕು.”

“ಸಾಹೇಬ್ರ, ಸೀಜ್ ಅಂದ್ರ ಹಿಡಕೊಂಡೈತಿ ಅಂತ ಅರ್ಥರಿ,” ಎಂದು ಇರ್ಫಾನ ಕೈಮುಗಿದ.

“ನಾನೂ ಅದನ್ನ ಹೇಳಾಕತ್ತೀನಿ. ಹಿಡಕೊಂಡೈತಿ. ನಮ್ಮ ಶಾಖೆ ಹಿಡಕೊಂಡೈತಿ.”

ಅರಗು ಕರಗಿಸಿ ಎಂಜಿನ್ನಿಗೆ, ಸರಪಳಿಗೆ, ಮೂರೂ ಕಂಬಗಳಿಗೆ ಮೊಹರು ಹಾಕಲಾಯಿತು. ಮುಟ್ಟುಗೋಲಾದ ವಸ್ತು ನೆಲದ ಮೇಲೆಯೇ ಇರಬೇಕೆಂದು ಯಾವ ನಿಯಮದಲ್ಲೂ ಇಲ್ಲ ಎಂಬುದನ್ನು ಚೇತನಕುಮಾರರು ನಿಯಮಾವಳಿ ತಿರುವಿ ದೃಢಪಡಿಸಿದರು. ಈ ಸಲ ಅವರು ಎಲ್ಲ ಪುಟಗಳನ್ನೂ ನೋಡಿದರು.

ಇರ್ಫಾನ ಬಸ್ಸು ಹತ್ತಿ ವಿಜಯಪುರದ ಮುಖ್ಯ ಕಚೇರಿಗೆ ಹೋದ. ಹಿರಿಯ ಸಾಹೇಬರು ಅವನನ್ನು ಕೂರಿಸಿ, ನೀರು ಕೊಡಿಸಿ, ಸಮಾಧಾನದಿಂದ ಕೇಳಿದರು. ಕಚೇರಿಯವರು ಕೆಟ್ಟವರೆಂದು ಯಾರೂ ತಿಳಿಯಬಾರದು.

“ಎಂಜಿನ್ ಯಾರು ಸೀಜ್ ಮಾಡ್ಯಾರ?”

“ಯಾರೂ ಮಾಡಿಲ್ರಿ. ತಾನಾಗೇ ಆಗೇತಿ.”

“ತನ್ನನ್ನ ತಾನ ಮುಟ್ಟುಗೋಲು ಹಾಕ್ಕೊಂಡೈತಿ?”

“ಹಂಗಲ್ರಿ ಸಾಹೇಬ್ರ. ಬಿಸಿ ಆಗಿ ಕಚ್ಚಿಕೊಂಡೈತಿ.”

“ಒತ್ತಾಯ ಏನರ ಇತ್ತು?”

“ಯಾರ ಒತ್ತಾಯರಿ? ಆಯಿಲ್ ಇರಲಿಲ್ಲ, ಅಷ್ಟ.”

ಸಾಹೇಬರ ಮುಖದಲ್ಲಿ ಗೌರವದ ಭಾವ ಮೂಡಿತು. ಮರುದಿನವೇ ಎಲ್ಲ ಘಟಕಗಳಿಗೆ ಸುತ್ತೋಲೆ ಹೊರಟಿತು:

“ತಿಕೋಟಾ ಘಟಕದ ಲೋಡರ್ ಎಂಜಿನ್ ಯಾವ ಒತ್ತಾಯವೂ ಇಲ್ಲದೆ ಸ್ವಯಂಪ್ರೇರಿತವಾಗಿ ಮುಟ್ಟುಗೋಲಿಗೆ ಒಳಪಟ್ಟಿರುವುದು ನಿಗಮದ ಗಮನಕ್ಕೆ ಬಂದಿದೆ. ಸಿಬ್ಬಂದಿ ವರ್ಗದವರು ಈ ಶಿಸ್ತನ್ನು ಮಾದರಿಯಾಗಿ ಸ್ವೀಕರಿಸತಕ್ಕದ್ದು. ಸದರಿ ಎಂಜಿನ್ನನ್ನು ದುರಸ್ತಿಗೆ ಬಿಡುಗಡೆ ಮಾಡಲು ನಿಗಮದ ಅಭ್ಯಂತರವಿರುವುದಿಲ್ಲ. ಆದರೆ ಅದು ನಿಗಮದ್ದೇ ಎಂಜಿನ್ ಎಂಬುದನ್ನು ಗುರುತಿಸುವ ಸಲುವಾಗಿ, ಬಿಡುಗಡೆಗೆ ಮುನ್ನ ಅದನ್ನು ಚಾಲೂ ಮಾಡಿ ತೋರಿಸತಕ್ಕದ್ದು.”

ಇರ್ಫಾನ ಇದನ್ನು ಮೂರು ಸಲ ಓದಿಸಿಕೊಂಡ. “ಚಾಲೂ ಆದ್ರ ರಿಪೇರಿಗೆ ಯಾಕ ಒಯ್ಯಬೇಕ್ರಿ?” ಎಂದು ವಿಜಯಲಕ್ಷ್ಮೀ ಮೇಡಂ ಎದುರು ನಿಂತು ಕೇಳಿದ.

“ಅದು ಎರಡನೇ ಪ್ರಶ್ನೆ ಇರ್ಫಾನ. ಮೊದಲನೇದು ಮುಗೀಲಿ,” ಎಂದರು ಮೇಡಂ.

ಇತ್ತ ಶೆಡ್ಡುಗಳ ತೊಟ್ಟು-ಕಡ್ಡಿಯ ರಾಶಿ ಕಚೇರಿಯ ಗೇಟಿನವರೆಗೆ ಬೆಳೆಯಿತು. ಅದರ ಹುಳಿ ವಾಸನೆಗೆ ನೊಣಗಳೂ ಜೇನುಹುಳುಗಳೂ ಬಂದು ನೆಲೆಸಿದವು. ತೆಗೆಯಲು ಯಂತ್ರವಿಲ್ಲದ್ದರಿಂದ ನಿಗಮ ಅದನ್ನು ‘ತಾತ್ಕಾಲಿಕ ಗುಡ್ಡ’ ಎಂದು ಘೋಷಿಸಿ ಫಲಕ ನೆಟ್ಟಿತು. ಜನ ಕೆಲವು ದಿನ ಮೂಗು ಮುಚ್ಚಿಕೊಂಡು ಬೈದರು. ಆಮೇಲೆ ಬಸ್ಸಿನ ಕಂಡಕ್ಟರ್, “ಗುಡ್ಡದ ಸ್ಟಾಪ್ ಯಾರದ್ರಿ, ಇಳೀರಿ ಲಗೂನ,” ಎಂದು ಕೂಗತೊಡಗಿದ.

ತಿಂಗಳು ತುಂಬುತ್ತ ಬಂತು. ಇರ್ಫಾನನಿಗೆ ಊಟ ಸೇರಲಿಲ್ಲ. ಹೆಂಡತಿ ಸಬೀರಾ ರೊಟ್ಟಿ ಬಡಿಯುತ್ತಲೇ ಗಂಡನ ಮುಖ ನೋಡುವಳು, ಇನ್ನೊಂದು ರೊಟ್ಟಿ ಹಾಕುವಳು. ಈ ಕೆಲಸ ಹೋದರೆ ಮುಂದೆ ಏನೆಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಆಗ ಅವನನ್ನು ನಿಯಮವೇ ಕಾಪಾಡಿತು. ಮುಟ್ಟುಗೋಲಾದ ವಸ್ತುವಿಗೆ ಕಾವಲುಗಾರನಿರಬೇಕು ಎಂಬುದು ಗುರಲಿಂಗಪ್ಪನವರಿಗೆ ನೆನಪಾಯಿತು. ಎಂಜಿನ್ನಿನ ಪರಿಚಯವಿರುವ ವ್ಯಕ್ತಿಯೇ ಸೂಕ್ತವೆಂದು ಇರ್ಫಾನನನ್ನು ನೇಮಿಸಲಾಯಿತು. ಚಾಲಕನ ಹುದ್ದೆ ಯಂತ್ರ ಓಡುವವರೆಗೆ ಮಾತ್ರ. ಕಾವಲುಗಾರನದು ಮುಟ್ಟುಗೋಲು ಇರುವವರೆಗೆ. ಖಾಕಿ ಅಂಗಿ, ಸೀಟಿ, ಒಂದು ಕುರ್ಚಿ ಬಂದವು. ಎಂಜಿನ್ನಿಗೆ ಬಿಸಿಲು ತಾಗದಂತೆ ತಾಡಪತ್ರಿಯ ಚಪ್ಪರ ಹಾಕಲಾಯಿತು. ಲೋಡರಿಗೆ ಎಂದೂ ಆ ಭಾಗ್ಯವಿರಲಿಲ್ಲ.

“ಛಲೋ ಆತಲ್ರಿ,” ಎಂದಳು ಸಬೀರಾ. “ನೆರಳಾಗ ಕುಂತು ಮಾಡೂ ಕೆಲಸ. ಧೂಳಿಲ್ಲ, ಧಗಿ ಇಲ್ಲ.”

“ಕುಂತು ಏನ್ ಮಾಡ್ಲಿ?”

“ಅದು ಓಡಿ ಹೋಗದಂಗ ನೋಡ್ರಿ.”

ಓಡದ ಎಂಜಿನ್ ಓಡಿ ಹೋಗದಂತೆ ಇರ್ಫಾನ ಕಾದ. ಎಲ್ಲರ ಬದುಕೂ ಒಂದು ದಾರಿಗೆ ಬಂತು. ಗುರಲಿಂಗಪ್ಪನವರ ಶಾಖೆಗೆ ಹೊಸ ಫ್ಯಾನು ಬಂತು. ‘ಸ್ವಯಂ ಮುಟ್ಟುಗೋಲು’ ಎಂಬ ಪದವನ್ನು ಕನ್ನಡಕ್ಕೆ ಕೊಟ್ಟವರೆಂದು ಚೇತನಕುಮಾರರಿಗೆ ಬಡ್ತಿ ಸಿಕ್ಕಿತು. ಲಾಡಲೇಸಾಬ ‘ತಾಂತ್ರಿಕ ಸಾಕ್ಷಿ’ ಎಂದು ಆಗಾಗ ಬಬಲೇಶ್ವರಕ್ಕೆ ಹೋಗಿ, ವಿಚಾರಣೆಗಿಂತ ಮೊದಲು ಅವಲಕ್ಕಿ ತಿಂದು, ವಿಚಾರಣೆ ಮುಂದೂಡಿದ ಮೇಲೆ ಊಟ ಮಾಡಿ ಬರುತ್ತಿದ್ದ. ಸಂತೆಯ ದಿನ ವಿಚಾರಣೆ ಇದ್ದರೆ ಕಾಯಿಪಲ್ಯೆಯನ್ನೂ ತರುತ್ತಿದ್ದ.

ಇರ್ಫಾನನಿಗೆ ಮಾತ್ರ ಕೈ ಸುಮ್ಮನಿರಲಿಲ್ಲ. ಕುರ್ಚಿಯಲ್ಲಿ ಕೂತಲ್ಲೇ ಅವನ ಎರಡೂ ಕೈ ಲೋಡರಿನ ಹಿಡಿಕೆಗಳನ್ನು ದೂಡಿದಂತೆ ಹಿಂದೆ ಮುಂದೆ ಆಡುತ್ತಿದ್ದವು. ಪಾಪ, ಅವನಿಗೆ ಆ ಯಂತ್ರದ ಮೇಲೆ ಜೀವ. ಮನೆಯಿಂದ ಬಾಟಲಿಯಲ್ಲಿ ಎಣ್ಣೆ ತಂದು, ಮೊಹರಿಗೆ ಧಕ್ಕೆಯಾಗದಂತೆ, ಎಂಜಿನ್ನಿನ ತಲೆಯ ತೂತುಗಳಲ್ಲಿ ಅಷ್ಟಷ್ಟು ಸುರಿಯತೊಡಗಿದ. ಬೇನೆ ಬಿದ್ದವರ ಬಾಯಿಗೆ ನೀರು ಹಾಕಿದ ಹಾಗೆ, ಅಷ್ಟೇ; ಬೇರೆ ಉದ್ದೇಶವಿರಲಿಲ್ಲ.

ಒಂದು ದಿನ ಅಭ್ಯಾಸಬಲದಿಂದ ಪುಲ್ಲಿಗೆ ಕೈ ಹಾಕಿದ. ಅದು ತಿರುಗಿತು.

ಇರ್ಫಾನ ಇನ್ನೊಮ್ಮೆ ತಿರುಗಿಸಿದ. ಒಳಗೆ ಪಿಸ್ಟನ್ ಸರಾಗವಾಗಿ ಮೇಲೆ ಕೆಳಗೆ ಆಡಿದ ಸದ್ದು ಕೇಳಿಸಿತು. ಅಷ್ಟು ಖುಷಿ ಅವನಿಗೆ ತನ್ನ ನಿಕಾಹದ ದಿನವೂ ಆಗಿರಲಿಲ್ಲ. ಸೀಟಿ ಊದುತ್ತ ಕಚೇರಿಯೊಳಗೆ ಓಡಿದ. ಮೇಡಂ, ಗುರಲಿಂಗಪ್ಪನವರು, ಚೇತನಕುಮಾರರಿದ್ದ ವಿಚಾರಣಾ ಸಮಿತಿ ಅಂದು ತಾಂತ್ರಿಕ ಸಾಕ್ಷಿಯ ಸಮೇತ ಅಲ್ಲೇ ಸೇರಿತ್ತು.

“ಬಿಟ್ಟೈತ್ರಿ! ಎಂಜಿನ್ ಬಿಟ್ಟೈತಿ!”

ವಿಜಯಲಕ್ಷ್ಮೀ ಮೇಡಂ ಎದ್ದು ಬಾಗಿಲು ಮುಚ್ಚಿದರು. ಮೊದಲು ಗುರಲಿಂಗಪ್ಪನವರು ಬಾಯಿಬಿಟ್ಟರು.

“ಮುಟ್ಟುಗೋಲಿನಾಗ ಇದ್ದದ್ದು ಬಿಟ್ಟುಕೊಂಡ್ರ ಅದಕ್ಕ ತಪ್ಪಿಸಿಕೊಳ್ಳೂದು ಅಂತಾರ. ತಪ್ಪಿಸಿಕೊಂಡ್ರ ಕಾವಲುಗಾರನ ಮ್ಯಾಲ ಬರತೈತಿ.”

“ಕಾವಲು ಹುದ್ದೆನೂ ಹೋಗತೈತಿ,” ಎಂದರು ಚೇತನಕುಮಾರ.

“ಚಾಲಕನ ಹುದ್ದೆ ಹಳ್ಳಾ ಹಿಡದು ಎಷ್ಟೋ ದಿನ ಆತು,” ಎಂದರು ಮೇಡಂ, ನಿಜವಾಗಿಯೂ ನೊಂದುಕೊಂಡು. “ಹೊಸದಾಗಿ ತಗೊಳ್ಳಾಕ ಬರಂಗಿಲ್ಲೋ ಇರ್ಫಾನ.”

ಲಾಡಲೇಸಾಬ ಎದ್ದು ಅವನ ಹೆಗಲ ಮೇಲೆ ಕೈ ಇಟ್ಟ. “ನಿನಗ ಭ್ರಮಾ ಆಗಿರಬೇಕು ಬೇಟಾ. ತಿರಗಿದ್ದು ಯಾರರ ನೋಡ್ಯಾರ?”

ಇರ್ಫಾನ ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರೂ ಪ್ರೀತಿಯಿಂದಲೇ ನೋಡುತ್ತಿದ್ದರು. ಮನೆಯಲ್ಲಿ ನಿಶ್ಚಿಂತೆಯಿಂದ ರೊಟ್ಟಿ ಬಡಿಯುವ ಸಬೀರಾಳ ನೆನಪಾಯಿತು. “ಇಲ್ರಿ,” ಎಂದ. “ಯಾರೂ ನೋಡಿಲ್ಲ.”

ವಾರ್ಷಿಕ ತಪಾಸಣೆಗೆ ವಿಜಯಪುರದ ಹಿರಿಯ ಸಾಹೇಬರೇ ಬಂದರು. ಸಬೀರಾ ಎಲ್ಲರಿಗೂ ಚಹಾ ಮಾಡಿ ತಂದಿದ್ದಳು. ಎಂಜಿನ್ ತೂಗಾಡದಂತೆ ಹಿಂದಿನಿಂದ ಹಿಡಿದುಕೊಳ್ಳಲು ಇರ್ಫಾನನಿಗೆ ಹೇಳಲಾಯಿತು. ಅವನು ಅದನ್ನು ಎದೆಗವಚಿಕೊಂಡು, ಪುಲ್ಲಿಯ ಜೊತೆಗೇ ತಿರುಗುವ ಹಿಂಬದಿಯ ಗಾಲಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದ. ಸಾಹೇಬರು ಅಂಗಿಯ ತೋಳು ಮಡಚಿ ಮುಂದಿನ ಪುಲ್ಲಿಗೆ ಕೈ ಹಾಕಿ ತಿರುಗಿಸಿದರು. ಇರ್ಫಾನನ ಕತ್ತಿನ ನರಗಳು ಉಬ್ಬಿದವು. ಸಾಹೇಬರು ಇನ್ನೂ ಜೋರು ಹಾಕಿದರು. ಇರ್ಫಾನ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಒಂದು ಕಾಲದಲ್ಲಿ ತಿರುಗಲೆಂದು ಬೇಡಿಕೊಂಡಿದ್ದ ಆ ಗಾಲಿ ತಿರುಗದಂತೆ ತಡೆದ. ಗುರಲಿಂಗಪ್ಪನವರು ಆಕಾಶ ನೋಡುತ್ತಿದ್ದರು. ಲಾಡಲೇಸಾಬ ಸರಪಳಿ ನೋಡುತ್ತಿದ್ದ. ಎಂಜಿನ್ನಿನ ಆಚೆ ನಡುಗುತ್ತಿದ್ದ ಖಾಕಿ ತೋಳುಗಳನ್ನು ಸಾಹೇಬರೂ ನೋಡಿದರು, ನೋಡಿ ಕೈ ತೆಗೆದರು.

“ಭಾಳ ಗಟ್ಟಿ ಹಿಡದೈತಿ,” ಎಂದು ಕೈ ಒರೆಸಿಕೊಂಡು, ಮುಟ್ಟುಗೋಲು ತೃಪ್ತಿಕರವಾಗಿ ಮುಂದುವರಿದಿದೆ ಎಂದು ಸಹಿ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಜೀಪು ಗುಡ್ಡ ದಾಟಿ ಹೋದ ಮೇಲೂ ಇರ್ಫಾನ ಹಾಗೇ ನಿಂತಿದ್ದ.

“ಹೋದ್ರು. ಬಿಡ್ರಿ ಇನ್ನ,” ಎಂದಳು ಸಬೀರಾ, ಚಹಾದ ಲೋಟ ಹಿಡಿದು.

“ಬಿಡಾಕ ಬರವಲ್ದು ಸಬೀರಾ,” ಎಂದ ಅವನು. ಬೆರಳುಗಳು ಬಿಚ್ಚುತ್ತಿರಲಿಲ್ಲ.

ಅವಳು ಅವನ ಬಾಯಿಗೆ ಲೋಟ ಹಿಡಿದು ಚಹಾ ಕುಡಿಸಿದಳು. ಕಚೇರಿಯವರು ತಮ್ಮ ತಮ್ಮ ಕೆಲಸಕ್ಕೆ ಒಳಗೆ ಹೋದರು.