ಗುಂಡನ ಮೊಸರನ್ನ, ನನ್ನ ಹೃದಯ

ಮನೆಯಲ್ಲಿ ಒಬ್ಬರಿಗಾದರೂ ಬೀದಿಯಲ್ಲಿ ಒಳ್ಳೆಯ ಹೆಸರಿರಬೇಕು. ನಮ್ಮ ಮನೆಯಲ್ಲಿ ಅದು ಬೆಕ್ಕಿಗಿತ್ತು. ಆರ್‌ಪಿಸಿ ಲೇಔಟಿನ ನಮ್ಮ ಕ್ರಾಸಿನಲ್ಲಿ ಗುಂಡ ಎಂದರೆ ಮೊಸರನ್ನ ಬಿಟ್ಟು ಬೇರೇನೂ ಮುಟ್ಟದ ಬೆಕ್ಕು. ಕಣ್ಣು ಬಿಡದ ಮರಿಯಿಂದ ಅವನನ್ನು ಸಾಕಿದ ನನ್ನ ಹೆಂಡತಿ ಸರೋಜ ಹೊರಗೆ ಬಿಟ್ಟಿರಲಿಲ್ಲ, ಬೇರೆ ರುಚಿ ತೋರಿಸಿರಲಿಲ್ಲ. "ಏಕಾದಶಿ ದಿನ ಬರೀ ಹಾಲು ಕುಡಿಯೋದು" ಎಂದು ಅವಳು ಹೇಳಿದಾಗ ಎದುರುಮನೆಯ ಪದ್ಮಮ್ಮ ಗುಂಡನಿಗೆ ಕೈಮುಗಿದದ್ದೂ ಉಂಟು. ನನಗೆ ಇಲ್ಲಿಯವರೆಗೆ ಯಾರೂ ಮುಗಿದಿಲ್ಲ.

ಅಂಥ ಗುಂಡ ಕಳೆದ ವರ್ಷ ಫ್ರಿಜ್ಜಿನ ಮೇಲೆ ಹಾರುವುದನ್ನು ನಿಲ್ಲಿಸಿದ. ವಯಸ್ಸಿಗೆ ತಕ್ಕ ಗಾಂಭೀರ್ಯ ಬಂತೆಂದು ಸಂತೋಷಪಟ್ಟೆವು. ಆಮೇಲೆ ಕೂತಲ್ಲೇ ಏದುಸಿರು ಬಿಡತೊಡಗಿದ. ತರಕಾರಿ ಬುಟ್ಟಿಯಲ್ಲಿಟ್ಟುಕೊಂಡು ವಿಜಯನಗರದ ಡಾಕ್ಟರ ಹತ್ತಿರ ಓಡಿದೆವು. ಅವರು ಸ್ಕ್ಯಾನ್ ಮಾಡಿ, "ಹೃದಯದ ಸ್ನಾಯು ಸೋತಿದೆ ಸಾರ್. ಬಿ.ಪಿ., ಥೈರಾಯ್ಡ್ ಇದ್ರೂ ಬೆಕ್ಕಿನ ಹೃದಯ ಕೆಡುತ್ತೆ, ಆದ್ರೆ ಇವನಿಗೆ ಅವೆರಡೂ ಸರಿಯಾಗಿವೆ. ಊಟಕ್ಕೇನು ಹಾಕ್ತೀರಾ?" ಎಂದರು. "ಪ್ಯೂರ್ ವೆಜ್ ಮೇಡಂ" ಎಂದೆ, ಎದೆಯುಬ್ಬಿಸಿ. ಅವರು ಪೆನ್ನು ಕೆಳಗಿಟ್ಟರು. "ಅದೇ ಕಾರಣ. ಟಾರಿನ್ ಅಂತ ಒಂದು ಅಂಶ ಬೆಕ್ಕಿಗೆ ಬೇಕೇ ಬೇಕು. ಅದು ಮಾಂಸದಲ್ಲೇ ಸಿಗೋದು. ಪುಡಿ ಕೊಡ್ತೀನಿ, ಜೊತೆಗೆ ಬೇಯಿಸಿದ ಕೋಳಿ ಹಾಕಿ, ಚೇತರಿಸ್ಕೋಬಹುದು. ಹೀಗೇ ಬಿಟ್ರೆ ಉಳಿಯಲ್ಲ."

ಮೊಟ್ಟೆ ಹಾಕಿದ ಕೇಕನ್ನೂ ಹೊಸಿಲು ದಾಟಿಸದವಳು ಸರೋಜ. ಮನೆಗೆ ಬಂದು ಗುಂಡನ ಎದೆಯ ಮೇಲೆ ಕೈಯಿಟ್ಟವಳು ಅತ್ತೇಬಿಟ್ಟಳು. "ನಮ್ಮ ಮಡಿಗೆ ಇದರ ಜೀವ ಯಾಕ್ರೀ ಹೋಗ್ಬೇಕು? ಹೋಗಿ ಕೋಳಿ ತನ್ನಿ. ಅಡುಗೆಮನೆಗೆ ಮಾತ್ರ ಬೇಡ, ಟೆರೇಸಲ್ಲಿ ನೀವೇ ಬೇಯಿಸಿ."

ಗುರುತಿನವರು ಸಿಗಬಾರದೆಂದು ಲಗ್ಗೆರೆಗೆ ಹೋಗಿ, ಹೆಲ್ಮೆಟ್ ತೆಗೆಯದೆ ಕೋಳಿ ಅಂಗಡಿಯಲ್ಲಿ ನಿಂತೆ. "ಬೆಕ್ಕಿಗೆ ಕಣಪ್ಪ" ಎಂದೆ. "ಎಲ್ರೂ ಹಂಗೇ ಅಂತಾರೆ ಬಿಡಿ ಸಾರ್" ಎಂದ ಅಂಗಡಿಯವ. ಅಂದಿನಿಂದ ನೀರಿನ ಟ್ಯಾಂಕಿನ ಪಕ್ಕ ಕರೆಂಟ್ ಒಲೆಯಿಟ್ಟು, ಮೂಗಿಗೆ ಟವೆಲ್ ಕಟ್ಟಿಕೊಂಡು ಬೇಯಿಸುತ್ತಿದ್ದೇನೆ. ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಗುಂಡ ಫ್ರಿಜ್ಜಿನ ಮೇಲೆ ಕೂತಿದ್ದ. ನಾಚಿಕೆಯಿಲ್ಲದೆ ಹೇಳುತ್ತೇನೆ, ನನ್ನ ಕಣ್ಣು ತುಂಬಿ ಬಂತು.

ಮೊನ್ನೆ ಪದ್ಮಮ್ಮ ಗೇಟಿನಲ್ಲಿ ಸರೋಜಳನ್ನು ತಡೆದು ದನಿ ತಗ್ಗಿಸಿದರಂತೆ. "ನಿಮ್ಮ ಟೆರೇಸಿಂದ ದಿನಾ ಕೋಳಿ ವಾಸನೆ ಬರ್ತಿದೆಯಲ್ರೀ? ನಿಮ್ಮನ್ನ ನಾನು ಬಲ್ಲೆ. ಗುಂಡ ಪಾಪ, ಮೊಸರನ್ನ ಬಿಟ್ಟು ಮುಟ್ಟಲ್ಲ. ಅಂದ್ರೆ, ಯಜಮಾನ್ರಾ?"

ಸರೋಜ ಒಂದು ಕ್ಷಣ ಯೋಚಿಸಿ, ತಲೆ ತಗ್ಗಿಸಿ, "ಏನ್ಮಾಡೋದು ಪದ್ಮಮ್ಮ, ಹಾರ್ಟಿಗೆ ಬೇಕೂಂತ ಡಾಕ್ಟ್ರು ಹೇಳಿದಾರೆ" ಎಂದಳಂತೆ.

ಈಗ ಬೀದಿಯವರೆಲ್ಲ ನನ್ನ ಹೃದಯವನ್ನು ವಿಚಾರಿಸುತ್ತಾರೆ. "ಪರವಾಗಿಲ್ಲ, ಸುಧಾರಿಸಿದೆ" ಎನ್ನುತ್ತೇನೆ. ಯಾರಾದರೂ ನೋಡುತ್ತಿದ್ದರೆ, ಮೆಟ್ಟಿಲು ಹತ್ತುವಾಗ ಸ್ವಲ್ಪ ಏದುಸಿರನ್ನೂ ಬಿಡುತ್ತೇನೆ.