ಗುರುತಿಗಿಂತ ಒಂದು ಸಾಲು ಮೇಲೆ

ಆ ಭಾನುವಾರ ಪುಣೆಯ ನಮ್ಮ ಸೋದರತ್ತೆಯ ಮನೆಯಲ್ಲಿ ಇದ್ದದ್ದು ನಾನು, ನನ್ನ ಹೆಂಡತಿ, ಅತ್ತೆ ಮತ್ತು ಅತ್ತೆಯ ಕಂಪ್ಯೂಟರ್. ಅದನ್ನೂ ಲೆಕ್ಕಕ್ಕೆ ಹಿಡಿಯುವುದೇ ಎನ್ನುತ್ತೀರಾ? ಅತ್ತೆ ಅರ್ಧ ಅದರೊಳಗೇ ಇರುತ್ತಾರೆ!

ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತರುವುದು ಅವರ ಕಸುಬು. ಅವರು ಟೈಪು ಮಾಡುವ ಎಡಿಟರ್ ಎಂಬ ತಂತ್ರಾಂಶದಲ್ಲಿ ಬೇಕಾದ ಸಾಲಿಗೊಂದು ಗುರುತು ಹಾಕಿಟ್ಟು, ಫೈಲಿನಲ್ಲಿ ಎಲ್ಲೆಲ್ಲೋ ಅಲೆದು, ಒಂದು ಕೀಲಿ ಒತ್ತಿದರೆ ಸಾಕು, ಅದೇ ಸಾಲಿಗೆ ನೆಗೆಯಬಹುದು. ಈ ವಿದ್ಯೆ ಕೈಗೆ ಹತ್ತಿದ್ದೇ ತಡ, ಅತ್ತೆ ಬದುಕಿಗೂ ಗುರುತು ಹಾಕತೊಡಗಿದರು. ಒಮ್ಮೆ ಬಾರಾಮತಿಯ ಮದುವೆಯೊಂದರ ಕಥೆ ಹೇಳುತ್ತಿದ್ದಾಗ ಕುಕ್ಕರ್ ಕೂಗಿತು, ಎದ್ದು ಹೋದರು. ಮುಂದಿನ ತಿಂಗಳು ನಾನಿನ್ನೂ ಚಪ್ಪಲಿ ಬಿಡುತ್ತಿದ್ದೇನೆ, ಬಾಗಿಲಲ್ಲೇ ನಿಂತು, "ಆದರ ವರನ ಸೋದರಮಾವ ಒಪ್ಪಲಿಲ್ಲ ನೋಡು" ಎಂದರು. ಯಾವ ವರ? ಎಲ್ಲಿಯ ಮಾವ? ಕುಶಲಪ್ರಶ್ನೆ ಗಿಶಲಪ್ರಶ್ನೆ ಏನೂ ಇಲ್ಲ. ಕುಕ್ಕರ್ ಕೂಗಿದಲ್ಲಿಂದ ಶುರು!

ಇಂಥವರಿಗೆ ದೌಂಡಿನಲ್ಲಿರುವ ತಮ್ಮನ ಮನೆಗೆ ಮರಳುವ ದಾರಿ ಮಾತ್ರ ಸಿಕ್ಕಿರಲಿಲ್ಲ. ತಮ್ಮನೆಂದರೆ ನನ್ನ ಕಾಕಾ, ಚಿಕ್ಕಪ್ಪ. ಹಿಂದೊಮ್ಮೆ ಅತ್ತೆಯ ಮನೆಗೆ ಹಬ್ಬದ ಊಟಕ್ಕೆ ಬಂದವರು ಮಾತಿಗೆ ಮಾತು ಬೆಳೆದು ಎಲೆ ಬಿಟ್ಟು ಎದ್ದುಹೋಗಿದ್ದರು. ಆಮೇಲೆ ಅಕ್ಕ ತಮ್ಮನಿಗೆ ಮಾತಿಲ್ಲ. ಈಗ ಕಾಕಾನಿಗೆ ಕಣ್ಣಿನ ಆಪರೇಶನ್ ಆಗಿತ್ತು. ಅದನ್ನು ತಿಳಿಸಲೆಂದೇ ನಾವು ಹೋಗಿದ್ದು.

ಸುದ್ದಿ ಕೇಳಿ ಅತ್ತೆ ಪರದೆ ಬಿಟ್ಟು ನಮ್ಮ ಕಡೆ ತಿರುಗಿದರು.

"ಹೋಗಬೇಕಂತ ಭಾಳ ಅನಸ್ತದ" ಎಂದರು. "ಆದರ ಅವನ್ನ ನೆನಸಿಕೊಂಡಾಗೆಲ್ಲ ಆ ಜಗಳದ ಸಾಲಿಗೇ ಹೋಗಿ ಬೀಳ್ತೀನಿ. ನನ್ನ ಗುರುತು ಅಲ್ಲೇ ಅದ."

ನಮ್ಮದೂ ಇದೇ ಕಥೆಯಲ್ಲವೇ? ನೂರು ಪುಟಗಳ ನಂಟಿರಲಿ, ನಾವು ಗುರುತು ಇಟ್ಟುಕೊಳ್ಳುವುದು ಹರಿದ ಪುಟಕ್ಕೇ!

ನನ್ನ ಹೆಂಡತಿಗೆ ಎಡಿಟರಿನ ಗಂಧಗಾಳಿ ಇಲ್ಲ. ಆಕೆ ಸುಮ್ಮನೆ ಕೇಳಿದಳು: "ಅದಕ್ಕಿಂತ ಒಂದು ಸಾಲು ಮ್ಯಾಲೆ ಏನಿತ್ರಿ, ಅತ್ತಿ?"

ಅತ್ತೆ ಯೋಚಿಸಿದರು. "ಹೋಳಿಗಿ ಬಡಸಲಿಕ್ಕತ್ತಿದ್ದೆ. ಅವನ ಎಲಿತನಕಾ ಇನ್ನೂ ಬಂದಿರಲಿಲ್ಲ."

ಚಹಾ ಕುಡಿದು ಬಂದೆವು.

ಮುಂದಿನದು ಕಾಕಾ ಫೋನಿನಲ್ಲಿ ಹೇಳಿದ್ದು. ಆ ವಾರವೇ ಅತ್ತೆ ದೌಂಡಿನ ರೈಲು ಹತ್ತಿದರಂತೆ. ಕಾಕಾ ಕಪ್ಪು ಕನ್ನಡಕ ಹಾಕಿಕೊಂಡೇ ಬಾಗಿಲು ತೆಗೆದರು. ಹೇಗಿದ್ದೀ ಎಂದೂ ಕೇಳದೆ ಅತ್ತೆ ನೇರ ಅಡುಗೆಮನೆಗೆ ಹೋಗಿ, ತಟ್ಟೆ ತಂದು ಅವರ ಮುಂದಿಟ್ಟು, ತಾವು ತಂದಿದ್ದ ಡಬ್ಬಿಯಿಂದ ಒಂದು ಹೋಳಿಗೆ ತೆಗೆದು ಬಡಿಸಿದರು.

ಕಾಕಾ ತಟ್ಟೆ ನೋಡಿದರು, ಅಕ್ಕನನ್ನು ನೋಡಿದರು.

"ತುಪ್ಪ?" ಎಂದರು.